ವಾಲ್ಯೂಮ್ ತಗ್ಗಿಸಿ ಕೇಳಿದವರು

ರೇಡಿಯೋ ಕೊಳ್ಳಲು ಬಂದ ಗಿರಾಕಿಗಳನ್ನು ನನ್ನ ಅಂಗಡಿಯಲ್ಲಿ ಕೂತು ಸಾಕಷ್ಟು ನೋಡಿದ್ದೇನೆ. ಎಲ್ಲರೂ ಮಾಡುವುದು ಒಂದೇ ಕೆಲಸ. ಸೆಟ್ ಕೈಗೆ ಸಿಕ್ಕ ಕೂಡಲೇ ತಿರುಪನ್ನು ಕೊನೆಯವರೆಗೆ ತಿರುಗಿಸಿ, ನೀಲಗಿರಿಯ ಈ ವೆಲ್ಲಿಂಗ್ಟನ್ ಬಜಾರಿಗೆಲ್ಲ ಕೇಳುವ ಹಾಗೆ ಹಾಡಿಸಿ, "ಪರವಾಯಿಲ್ಲೆ, ಒಳ್ಳೆ ಸೌಂಡು" ಎಂದು ತಲೆದೂಗುತ್ತಾರೆ. ವಾಲ್ಯೂಮ್ ತಗ್ಗಿಸಿ ನೋಡಿದವರು ಒಬ್ಬರೇ. ಅವರು ಹೋಗಿ ಈಗ ಮೂರು ತಿಂಗಳಾಯಿತು.

ಮೊದಲ ಸಲ ಅವರು ಬಂದಾಗ ನಾನು ಅಂಗಡಿ ತೆರೆದು ಆರು ತಿಂಗಳೂ ಆಗಿರಲಿಲ್ಲ. ನಮ್ಮದು ಗುಂಡ್ಲುಪೇಟೆ ಕಡೆ. ಅಪ್ಪ ಘಟ್ಟ ಹತ್ತಿ ಬಂದು ತರಕಾರಿ ಮಂಡಿಯಲ್ಲಿ ನೆಲೆ ನಿಂತರು. ನನಗೆ ಕೋಸು, ಕ್ಯಾರೆಟ್ಟುಗಳ ಸಹವಾಸ ಸಾಕೆನಿಸಿ ಬಲ್ಬು, ಟಾರ್ಚು, ರೇಡಿಯೋಗಳ ಅಂಗಡಿ ಇಟ್ಟೆ. ಒಂದು ದಿನ, ಹಣೆಯಲ್ಲಿ ವಿಭೂತಿ, ಭುಜದಲ್ಲಿ ಕಪ್ಪು ಕೊಡೆ ಇದ್ದ ಎತ್ತರದ, ತೆಳ್ಳನೆಯ ಹೆಂಗಸೊಬ್ಬರು ಬಂದು, ಅಂಗಡಿಯಲ್ಲಿದ್ದ ಅತ್ಯುತ್ತಮ ಟ್ರಾನ್ಸಿಸ್ಟರನ್ನು ಕೇಳಿ ಪಡೆದು, ಅದರ ದನಿಯನ್ನು ಪಿಸುಮಾತಿನಷ್ಟು ಇಳಿಸಿ, ಕಿವಿಯ ಬಳಿ ಹಿಡಿದು ಕಣ್ಣು ಮುಚ್ಚಿ ನಿಂತರು. ಐದು ನಿಮಿಷವಾಯಿತು. ನನಗೆ ಕಸಿವಿಸಿ.

"ಯಾಕಕ್ಕಾ, ಸೌಂಡ್ ಬರ್ತಿಲ್ವಾ?"

"ಬರ್ತದೆ. ಜೋರು ಮಾಡಿದ್ರೆ ಎಲ್ಲಾ ರೇಡಿಯೋನೂ ಒಂದೇ ತಮ್ಮ. ತಗ್ಗಿಸಿದಾಗಲೂ ಸಕಾರ ಯಾವುದು, ಶಕಾರ ಯಾವುದು ಅಂತ ಹೇಳ್ಬೇಕು. ಇದು ಹೇಳೋದಿಲ್ಲ." ಸೆಟ್ಟನ್ನು ಮೃದುವಾಗಿ ಮೇಜಿನ ಮೇಲಿಟ್ಟು, ಎರಡು ಸೆಲ್ ಕೊಂಡು ಹೊರಟುಹೋದರು.

ಆಮೇಲೆ ತಿಳಿಯಿತು, ಅವರು ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಎಂದು. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯುತ್ತಿದ್ದ ಕಾಲದಿಂದ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕೂತವರು. ಇಡೀ ಬೆಟ್ಟದ ಸುಖದುಃಖಗಳೆಲ್ಲ ಅವರ ಕೈಯ ವೈರುಗಳ ಮೂಲಕ ಹಾದುಹೋಗಿದ್ದವು. ಒಂದನ್ನೂ ಅವರು ಬಾಯಿಬಿಟ್ಟು ಹೇಳಿದ್ದು ನಾನು ಕಾಣೆ. ಹೆಸರು ಕೇಳಿದರೆ, "ಎಕ್ಸ್‌ಚೇಂಜಲ್ಲಿ ನಮಗೆ ಹೆಸರಿಲ್ಲ, ದನಿ ಮಾತ್ರ" ಎನ್ನುತ್ತಿದ್ದರು. ಹಾಗಾಗಿ ಇಲ್ಲಿಯೂ ಅವರ ಹೆಸರು ಬರೆಯುವುದಿಲ್ಲ. ನನಗೆ ಅವರು ಅಕ್ಕ, ಅಷ್ಟೆ.

ಅವರ ಕನ್ನಡದ ಬಗ್ಗೆ ಒಂದು ಮಾತು ಹೇಳಲೇಬೇಕು. ನೂರಾರು ವರ್ಷಗಳ ಹಿಂದೆಯೇ ಬೆಟ್ಟ ಹತ್ತಿ ನೆಲೆಸಿದ ಲಿಂಗವಂತರ ಮನೆತನ ಅವರದು. ಮನೆಯಲ್ಲಿ ಬಡಗ ಮಾತು, ಬಜಾರಿನಲ್ಲಿ ತಮಿಳು. ನನ್ನೊಡನೆ ಆಡುತ್ತಿದ್ದ ಕನ್ನಡವನ್ನು ಅವರು ಶಾಲೆಯಲ್ಲಿ ಕಲಿತದ್ದಲ್ಲ, ಬೆಂಗಳೂರು ಕೇಂದ್ರದ ರೇಡಿಯೋದಿಂದ ಕಲಿತದ್ದು. ಅದರಿಂದಾಗಿ ಅವರ ಮಾತಿನಲ್ಲಿ ಎಲ್ಲಿಂದಲೋ ವಾರ್ತೆಯ ಗತ್ತು ನುಸುಳುತ್ತಿತ್ತು. ಅಂಗಡಿಯ ಮೆಟ್ಟಿಲು ಹತ್ತಿದವರೇ ಕೊಡೆ ಮಡಚುತ್ತ, "ಮೊದಲಿಗೆ ಮುಖ್ಯಾಂಶಗಳು" ಎನ್ನುವರು. "ಸೆಲ್ ಎರಡು. ಅರವತ್ತರ ಬಲ್ಬು ಒಂದು. ಹೋದ ವಾರ ನೀ ಕೊಟ್ಟ ಟಾರ್ಚು ನಿಧನ ಹೊಂದಿದೆ." ನಗದೆ ಹೇಳುವರು. ನಗುವ ಕೆಲಸ ನನ್ನದು.

ಎಕ್ಸ್‌ಚೇಂಜಿನ ಒಂದು ರೂಢಿಯನ್ನು ಅವರು ಸಾಯುವವರೆಗೆ ಬಿಡಲಿಲ್ಲ. ಎರಡು ಊರುಗಳ ನಡುವೆ ಲೈನ್ ಕೊಟ್ಟ ಮೇಲೆ ಕೆಲವು ಆಪರೇಟರುಗಳು ತಕ್ಷಣ ಕೈಬಿಟ್ಟು ಮುಂದಿನ ಕಾಲಿಗೆ ಹೋಗುತ್ತಾರಂತೆ. ಇವರು ಹಾಗಲ್ಲ. ಆ ಕಡೆಯವರನ್ನು ಒಮ್ಮೆ, ಈ ಕಡೆಯವರನ್ನು ಒಮ್ಮೆ "ಕೇಳ್ತಿದೆಯಾ?" ಎಂದು ಕೇಳಿ, ಇಬ್ಬರೂ "ಕೇಳ್ತಿದೆ" ಎಂದಮೇಲೇ ಲೈನಿನಿಂದ ಹೊರಗೆ ಬರುತ್ತಿದ್ದರು. "ಒಂದು ಕಡೆ ಕೇಳಿದ್ರೆ ಅರ್ಧ ಕೆಲಸ ತಮ್ಮ. ಅರ್ಧ ಕೆಲಸಕ್ಕೆ ಸರ್ಕಾರ ನಂಗೆ ಸಂಬಳ ಕೊಡೋದಿಲ್ಲ."

ರೇಡಿಯೋಗೂ ಅವರು ಇದೇ ನ್ಯಾಯ ಹಚ್ಚಿದ್ದರು. ಪಾಪ, ಬೆಂಗಳೂರಿನಲ್ಲಿ ಕೂತು ಮಾತಾಡುವವರಿಗೆ ತಮ್ಮ ಮಾತು ಬೆಟ್ಟ ಹತ್ತಿತೋ ಇಲ್ಲವೋ ಹೇಗೆ ಗೊತ್ತಾಗಬೇಕು? ಆದ್ದರಿಂದ ಹದಿನೈದು ದಿನಕ್ಕೊಂದು ಕಾರ್ಡು ಬರೆಯುವರು. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಕಾರ್ಯಕ್ರಮ ಹೀಗೆ ಕೇಳಿಸಿತು, ಮೋಡ ಇತ್ತು ಅಥವಾ ಇರಲಿಲ್ಲ, ನಡುವೆ ಬೇರೆ ಸ್ಟೇಷನ್ ನುಗ್ಗಿತು ಅಥವಾ ನುಗ್ಗಲಿಲ್ಲ. ಕೆಳಗೆ ಹೆಸರಿಲ್ಲ. "ಇಬ್ಬರು ಕೇಳುಗರು, ನೀಲಗಿರಿ" ಎಂದಷ್ಟೇ ಇರುತ್ತಿತ್ತು.

ಇಬ್ಬರಲ್ಲಿ ಎರಡನೆಯವರು ಅವರ ಅಕ್ಕ. ನನಗೆ ದೊಡ್ಡಕ್ಕ. ಚಿಕ್ಕಂದಿನಲ್ಲಿ ಸಿಡುಬು ಬಂದು ಎರಡು ಕಣ್ಣೂ ಹೋಗಿದ್ದವು. ಇಬ್ಬರೂ ಮದುವೆಯಾಗಿರಲಿಲ್ಲ. ವೆಲ್ಲಿಂಗ್ಟನ್‌ನ ಮೇಲಿನ ಹಟ್ಟಿಯಲ್ಲಿ, ಸಾಲುಮನೆಗಳ ಕೊನೆಯ ಮನೆ. ಹಿಂದೆ ಅರ್ಧ ಎಕರೆ ಟೀ. ತಂಗಿ ಡ್ಯೂಟಿಗೆ ಹೋದರೆ ಅಕ್ಕನಿಗೆ ಜೊತೆ ಒಂದು ಹಳೆಯ ಟ್ರಾನ್ಸಿಸ್ಟರ್ ಮಾತ್ರ. ಚರ್ಮದ ಚೀಲ ಹರಿದು, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದ ಸೆಟ್. ದೊಡ್ಡಕ್ಕನಿಗೆ ದಿನ ಬೆಳಗಾಗುತ್ತಿದ್ದದ್ದೇ ಅದರಿಂದ. ಬೆಳಗಿನ ವಚನಗಾಯನಕ್ಕೆ ಇಷ್ಟಲಿಂಗದ ಪೂಜೆ, ವಾರ್ತೆಗೆ ರಾಗಿ ಹಿಟ್ಟು, ವನಿತೆಯರ ಕಾರ್ಯಕ್ರಮಕ್ಕೆ ಅವರೆ ಸುಲಿಯುವುದು, ಕೃಷಿರಂಗಕ್ಕೆ ಸಂಜೆಯ ದೀಪ. ತಂಗಿಯ ಇಡೀ ಬದುಕಿಗೆ ಇದ್ದದ್ದು ಒಂದೇ ಚಿಂತೆ: ಅಕ್ಕನ ಕಿವಿಗೆ ಬೀಳುವ ಆ ದನಿ ನಿಲ್ಲಬಾರದು.

ದನಿ ನಿಲ್ಲುತ್ತಿರಲಿಲ್ಲ, ಆದರೆ ನರಳುತ್ತಿತ್ತು. ನಡುವೆ ಬೆಟ್ಟ, ಕೆಳಗೆ ಕಣಿವೆ. ಸಂಜೆಯಾದರೆ ಸಮುದ್ರದಾಚೆಯ ಯಾವುದೋ ಭಾಷೆ ನುಗ್ಗಿ ವಚನದ ಮೇಲೆ ಕೂರುತ್ತಿತ್ತು. ಆಡಿ ತಿಂಗಳ, ಅಂದರೆ ಆಷಾಢದ, ಸಿಡಿಲಿಗೆ ಅರ್ಧ ವಾರ್ತೆ ಗೊರಗೊರ. ದೊಡ್ಡಕ್ಕ ಸೆಟ್ಟಿಗೆ ಕೆನ್ನೆ ಆನಿಸಿಕೊಂಡು, ಹುಬ್ಬು ಗಂಟುಹಾಕಿ, ಒಂದೊಂದೇ ಮಾತನ್ನು ಹೆಕ್ಕಿಕೊಳ್ಳುತ್ತಿದ್ದರು. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಕಂಡದ್ದು ಇದನ್ನೇ. ನಾನು ಬಂದದ್ದು ತಿಳಿದು, "ಒಳ್ಳೆಂಗೆ ಇದ್ದಿಯಾ?" ಎಂದು ಕೈ ಚಾಚಿದರು. ಅವರಲ್ಲಿ ಹಿರಿಯರ ಮುಂದೆ ತಲೆ ಬಾಗಿಸಬೇಕು, ಅವರು ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಾರೆ. ನಾನು ಬಾಗಿದೆ. "ಒಂದು ಸಾವಿರ ಆಗಲಿ, ಬದುಕಿ ಬಾಳು" ಎಂದರು. ನನ್ನ ವ್ಯಾಪಾರಕ್ಕೆ ಅಂದಿನಿಂದ ಅದೇ ಬಂಡವಾಳ ಎಂದುಕೊಂಡಿದ್ದೇನೆ.

ಎಕ್ಸ್‌ಚೇಂಜ್ ಆಟೋಮ್ಯಾಟಿಕ್ ಆದ ಕೆಲವು ವರ್ಷಕ್ಕೆ ಅಕ್ಕ ನಿವೃತ್ತರಾದರು. ಎರಡು ಸಾವಿರದ ಇಸವಿಯ ಆಚೀಚೆ ಮಾರುಕಟ್ಟೆಗೆ ಉಪಗ್ರಹ ರೇಡಿಯೋ ಬಂತು. ಅಂಗೈಯಗಲದ ಸೆಟ್, ಅದಕ್ಕೆ ವೈರಿನ ತುದಿಯಲ್ಲಿ ಮಕ್ಕಳು ಬರೆಯುವ ಪಾಟಿಯಂಥ ಒಂದು ಆಂಟೆನಾ. ಪಾಟಿಯ ಮುಖವನ್ನು ಪೂರ್ವದ ಆಕಾಶಕ್ಕೆ ತೋರಿಸಿದರೆ ಮುಗಿಯಿತು, ಚಂದಾ ಕಟ್ಟಿದವರ ಮನೆಗೆ ಆಕಾಶದಿಂದ ನೇರವಾಗಿ ಹಾಡು ಇಳಿಯುತ್ತಿತ್ತು. ಕನ್ನಡಕ್ಕೇ ಒಂದು ಚಾನೆಲ್. ಡೀಲರ್‌ಶಿಪ್ ಹಿಡಿದ ಹುಮ್ಮಸ್ಸಿನಲ್ಲಿ ನಾನು ಮೊದಲು ಓಡಿದ್ದು ಅಕ್ಕನ ಮನೆಗೆ.

"ಅಕ್ಕಾ, ಬೆಟ್ಟ ಅಡ್ಡ ಬರಲ್ಲ, ಸಿಡಿಲು ಅಡ್ಡ ಬರಲ್ಲ. ಮೇಲಿಂದ ಬರೋದು."

"ಮೇಲಿಂದ ಬರೋದೆಲ್ಲ ಒಳ್ಳೇದೇ ಅಂತ ಏನು ಗ್ಯಾರಂಟಿ? ಮಂಜೂ ಮೇಲಿಂದಲೇ ಬರ್ತದೆ. ಇಟ್ಟು ಹೋಗು, ನೋಡ್ತೀನಿ."

ಅವರು ನೋಡಿದ ರೀತಿಯನ್ನು ನಾನು ಬೇರೆ ಯಾವ ಗಿರಾಕಿಯಲ್ಲೂ ಕಾಣಲಿಲ್ಲ. ಒಂದು ಉದ್ದನೆಯ ನೋಟ್‌ಬುಕ್. ಪುಟಕ್ಕೆ ಗೆರೆ ಎಳೆದು ಎರಡು ಅಂಕಣ. ಒಂದರ ನೆತ್ತಿಯ ಮೇಲೆ "ನಾ", ಇನ್ನೊಂದರ ಮೇಲೆ "ಅಕ್ಕ". ಕಿಟಕಿಯ ಕಟ್ಟೆಯ ಮೇಲೆ ಹಳೆಯ ಟ್ರಾನ್ಸಿಸ್ಟರ್, ಪಕ್ಕದಲ್ಲಿ ಹೊಸದು. ಗಂಟೆಗೊಮ್ಮೆ ಎರಡನ್ನೂ ತಗ್ಗಿಸಿ ಹಚ್ಚುವುದು. "ಅಕ್ಕಾ, ಕೇಳ್ತಿದೆಯಾ?" ದೊಡ್ಡಕ್ಕ ಐದರಲ್ಲಿ ಅಂಕ ಕೊಡುವರು, ತಂಗಿ ತಾನೂ ಕೊಟ್ಟು, ಎರಡನ್ನೂ ಬರೆದುಕೊಳ್ಳುವರು. ಒಬ್ಬರ ಅಂಕ ಕೇಳಿ ಇನ್ನೊಬ್ಬರು ಬದಲಾಯಿಸುವ ಹಾಗಿಲ್ಲ.

ಹೊಸ ಸೆಟ್ ಮೊದಲ ವಾರ ತಡವರಿಸಿತು. ನಾನು ಡೀಲರ್ ಗಾಂಭೀರ್ಯದಿಂದ, "ಮಂಜಿಗೆ ಹಾಗಾಗುತ್ತೆ ಅಕ್ಕಾ" ಎಂದೆ. ಅವರು ನೋಟ್‌ಬುಕ್ ತೆರೆದು ಬೆರಳಿಟ್ಟರು. "ಮಂಜು ಮುಚ್ಚಿದ ದಿನ ಐದಕ್ಕೆ ಐದು. ಬಿಸಿಲು ಕಾದ ದಿನ ಎರಡು. ಈಗ ಹೇಳು." ಅವರೇ ಕಿಟಕಿಯಾಚೆ ತೋರಿಸಿದರು. ಪಕ್ಕದವರ ಟೀ ತೋಟದ ಸಿಲ್ವರ್ ಓಕ್ ಮರ. ಗಾಳಿ ಬೀಸಿ ಕೊಂಬೆ ಆಡಿದಾಗೆಲ್ಲ ದನಿ ತುಂಡಾಗುತ್ತಿತ್ತು. ಮಂಜು ಕವಿದ ದಿನ ಗಾಳಿಯಿರಲಿಲ್ಲ, ಅಷ್ಟೆ. ಕೊಂಬೆ ಕಡಿಸೋಣವೇ ಎಂದು ಕೇಳಿದೆ. "ನಾ ಹಾಡು ಕೇಳೋಕೆ ಅವರ ಮರ ಕಡೀಬೇಕಾ? ಉದ್ದ ವೈರ್ ಕೊಡು." ಆಂಟೆನಾ ಅಡುಗೆಮನೆಯ ಮೂಲೆಯ ಕಿಟಕಿಗೆ ಹೋಯಿತು, ವೈರು ತೊಲೆಯ ಉದ್ದಕ್ಕೂ ನಡೆದು ನಡುಮನೆಗೆ ಬಂತು. ಅಲ್ಲಿಂದ ಮುಂದೆ ಎರಡೂ ಅಂಕಣಗಳಲ್ಲಿ ಐದೇ ಐದು.

ದೊಡ್ಡಕ್ಕನ ಹುಬ್ಬಿನ ಗಂಟು ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ಗೋಡೆಗೆ ಒರಗಿ, ಕಾಲು ಚಾಚಿ, ಹಾಯಾಗಿ ಕೇಳುತ್ತಿದ್ದರು. "ಹಾಡೋಳು ಉಸಿರು ತಗೊಳ್ಳೋದೂ ಕೇಳ್ತದೆ ತಮ್ಮ" ಎಂದರು. ಅಕ್ಕ ಹಳೆಯ ಟ್ರಾನ್ಸಿಸ್ಟರಿನ ಸೆಲ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ನನಗೋ ಒಂದು ಪುಣ್ಯದ ಕೆಲಸ ಮಾಡಿದ ಬೀಗು.

ಆ ವರ್ಷದ ಮಳೆಗಾಲದ ಒಂದು ಮಧ್ಯಾಹ್ನ ಚಂದಾದ ಚೀಟಿ ಕೊಡಲು ಹೋಗಿದ್ದೆ. ಎರಡೂವರೆ ಗಂಟೆ. ಹೊರಗೆ ಮಂಜು ಹೊಸ್ತಿಲವರೆಗೆ ಬಂದಿತ್ತು, ಎಲ್ಲಿಯೂ ಬಿಸಿಲಿನ ಸುಳಿವಿಲ್ಲ. ಉಪಗ್ರಹ ರೇಡಿಯೋ ಒಂದರ ಹಿಂದೆ ಒಂದು ಹಾಡು ಹಾಡುತ್ತಿತ್ತು. ಅಕ್ಕ ನನಗೆ ಕಾಫಿ ಕೊಟ್ಟು ಎದುರಿಗೆ ಕೂತರು. ಅಷ್ಟರಲ್ಲಿ ದೊಡ್ಡಕ್ಕ ಎದ್ದು, ಗೋಡೆ ಸವರಿಕೊಂಡು ಹೋಗಿ ಕೈಕಾಲು ತೊಳೆದು ಬಂದು, ಸಂಜೆಯ ದೀಪ ಹಚ್ಚಿದರು. ವಿಭೂತಿ ಧರಿಸಿದರು. ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರು.

ನಾನು ಬಾಯಿ ತೆರೆದೆ. ಅಕ್ಕ ತುಟಿಯ ಮೇಲೆ ಬೆರಳಿಟ್ಟರು. ಅವರ ಮುಖ ಬಿಳಿಚಿಕೊಂಡಿತ್ತು. ನನಗೂ ಆಗಲೇ ಹೊಳೆದದ್ದು. ಹೊಸ ರೇಡಿಯೋದಲ್ಲಿ ಬೆಳಗಿಲ್ಲ, ಸಂಜೆಯಿಲ್ಲ, ವಾರ್ತೆಯಿಲ್ಲ, "ಈಗ ಸಮಯ" ಎನ್ನುವವರಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ಹಾಡೇ. ಪಕ್ಕದ ಅರವಂಕಾಡಿನ ಕಾರ್ಖಾನೆಯ ಸಂಗು, ಅಂದರೆ ಸೈರನ್, ಊದುವುದು ಗಾಳಿ ಇತ್ತ ಬೀಸಿದ ದಿನ ಮಾತ್ರ ಅಲ್ಲಿಗೆ ಕೇಳುತ್ತದೆ. ಕಣ್ಣಿಲ್ಲದ ಆ ಜೀವ ಎಷ್ಟು ದಿನದಿಂದ ಹೊತ್ತಿನ ಲೆಕ್ಕ ತಪ್ಪಿ, ಕೇಳಲು ಸಂಕೋಚಪಟ್ಟು, ಅಂದಾಜಿನ ಮೇಲೆ ದಿನ ನೂಕಿತ್ತೋ.

ಅಕ್ಕ ಆಗ ಮಾಡಿದ್ದು ನನಗೆ ಇಂದಿಗೂ ಮರೆಯದು. ಎದ್ದು ಹೋಗಿ ಕೈಕಾಲು ತೊಳೆದು, ತಾವೂ ವಿಭೂತಿ ಧರಿಸಿ, ದೊಡ್ಡಕ್ಕನ ಪಕ್ಕ ಸಂಜೆಯ ಪೂಜೆಗೆ ಕೂತರು. ಪೂಜೆ ಮುಗಿದ ಮೇಲೆ ಒಲೆ ಹಚ್ಚಿದರು. ಮೂರೂವರೆಗೆ ರಾತ್ರಿಯ ಊಟ ಬಡಿಸಿದರು, ಅನ್ನ, ಉದಕ ಎನ್ನುವ ಅವರೆಯ ಸಾರು. "ತಮ್ಮಾ, ನೀನೂ ಊಟ ಮಾಡಿಯೇ ಹೋಗು, ಹೊತ್ತಾಯ್ತು" ಎಂದರು, ದನಿಯಲ್ಲಿ ಒಂದಿಷ್ಟೂ ನಡುಕವಿಲ್ಲದೆ. ಮಧ್ಯಾಹ್ನದ ಊಟ ಮುಗಿಸಿ ಹೋಗಿದ್ದ ನಾನು ಮತ್ತೆ ಕೂತು ಉಂಡೆ. ಹೊತ್ತು ತಪ್ಪಿತೆಂದು ದೊಡ್ಡಕ್ಕನಿಗೆ ತಿಳಿಯಬಾರದು ಎಂದು ತಂಗಿಯೊಬ್ಬಳು ಹಗಲನ್ನೇ ರಾತ್ರಿ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನ ಅಂಗಡಿ ತೆರೆಯುವ ಮೊದಲೇ ಬಂದು ನಿಂತಿದ್ದರು. ಅಂದು ಮುಖ್ಯಾಂಶಗಳಿರಲಿಲ್ಲ.

"ಸೆಲ್ ನಾಲ್ಕು ಕೊಡು. ಹಳೇದನ್ನ ತೆಗೀತೀನಿ."

"ಅಕ್ಕಾ, ತಪ್ಪು ನಂದು. ನಾನೇ ತಂದು ಹಚ್ಚಿದ್ದು."

"ನಿಂದೇನು? ನೀ ವ್ಯಾಪಾರಿ, ಸೌಂಡು ಮಾರಿದೆ. ನಾ ಬುಕ್ಕಲ್ಲಿ ಸೌಂಡು ಅಳೆದೆ, ಮರ ಅಳೆದೆ, ಮಂಜು ಅಳೆದೆ. ಹೊತ್ತು ಅಳೀಲಿಲ್ಲ. ಮೂವತ್ತು ವರ್ಷ ಗಡಿಯಾರ ನೋಡ್ಕೊಂಡು ಕಾಲ್ ಕೊಟ್ಟವಳು ನಾನು." ಅಷ್ಟು ಹೇಳುವಾಗ ಅವರ ಕಣ್ಣು ತುಂಬಿತ್ತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಒಂದು ರಾಜಿಯಾಯಿತು. ಬೆಳಗು, ಸಂಜೆ ಹಳೆಯ ಟ್ರಾನ್ಸಿಸ್ಟರಿಗೆ. ನಡುವಿನ ಬಿಡುವಿನ ಹೊತ್ತು ಉಪಗ್ರಹಕ್ಕೆ. "ಅದು ನೆಂಟ, ಇದು ಮನೆಯವನು" ಎಂದು ಅಕ್ಕ ತೀರ್ಪು ಕೊಟ್ಟರು. ಅಂಗಡಿಗೆ ಬಂದ ಗಿರಾಕಿಗಳು ಯಾವುದು ಒಳ್ಳೆಯದು ಎಂದು ಕೇಳಿದರೆ ನಾನೂ ಅದನ್ನೇ ಹೇಳತೊಡಗಿದೆ. ವ್ಯಾಪಾರ ಸ್ವಲ್ಪ ಕಡಿಮೆಯಾಯಿತು, ಬೈಗುಳವೂ ಕಡಿಮೆಯಾಯಿತು.

ಕೆಲವು ವರ್ಷಗಳ ಮೇಲೆ ಡಿಜಿಟಲ್ ಪ್ರಸಾರದ ಸುದ್ದಿ ಬಂತು. ಸರ್ಕಾರದ ರೇಡಿಯೋದವರು ದೆಹಲಿಯಿಂದ ಶಾರ್ಟ್‌ವೇವ್‌ನಲ್ಲಿ ಪ್ರಯೋಗಕ್ಕೆ ಬಿಡುತ್ತಿದ್ದಾರೆ, ಮುಂದೊಂದು ದಿನ ಬೆಂಗಳೂರಿನ ವಾರ್ತೆ, ವಚನಗಳೂ ಹಾಗೇ ಬರುತ್ತವೆ, ಗೊರಗೊರ ಎನ್ನುವುದು ಇತಿಹಾಸ ಸೇರುತ್ತದೆ ಎಂದು. ಅಕ್ಕನ ಆಸೆ ಚಿಗುರಿತು. ಉಪಗ್ರಹದಷ್ಟು ಶುದ್ಧ, ಆದರೆ ಹೊತ್ತು ಹೇಳುವ ನಮ್ಮ ಸ್ಟೇಷನ್ನೇ. ಇನ್ನೇನು ಬೇಕು? ವೆಲ್ಲಿಂಗ್ಟನ್‌ನಲ್ಲಿ ಸೈನ್ಯದ ಸಿಗ್ನಲ್ಸ್ ವಿಭಾಗದಿಂದ ನಿವೃತ್ತರಾದ ಸುಬೇದಾರರೊಬ್ಬರಿದ್ದರು, ನನ್ನ ಗಿರಾಕಿ. ಅಳಿಯ ಹೊರದೇಶದಿಂದ ಅವರಿಗೆ ಒಂದು ಡಿಜಿಟಲ್ ಸೆಟ್ ತಂದುಕೊಟ್ಟಿದ್ದ. ಅವರನ್ನು ಕಾಡಿ ಬೇಡಿ, ಸೆಟ್ ಸಮೇತ ಅಕ್ಕನ ಮನೆಗೆ ಕರೆದೊಯ್ದೆ.

ಕಿಟಕಿಯ ಕಟ್ಟೆಯ ಮೇಲೆ ಈಗ ಮೂರು ರೇಡಿಯೋ. ಸುಬೇದಾರರು ವೈರನ್ನು ಕಿಟಕಿಯಾಚೆ ಎಳೆದು ಕಟ್ಟಿ, ದೆಹಲಿಯನ್ನು ಹಿಡಿದರು. ಒಂದು ಗಳಿಗೆ ಸುಮ್ಮನಿದ್ದ ಸೆಟ್ಟಿನಿಂದ ದನಿ ಹೊರಟಿತು ನೋಡಿ, ಮಾತಾಡುವವನು ನಡುಮನೆಯಲ್ಲೇ ಕೂತಂತೆ. ಶಾರ್ಟ್‌ವೇವ್ ಎಂದು ನಂಬುವ ಹಾಗಿರಲಿಲ್ಲ. ನಾನು ಸುಬೇದಾರರ ಕೈ ಕುಲುಕಿದೆ. ಅಕ್ಕ ಮಾತ್ರ ರೇಡಿಯೋ ಕಡೆ ತಿರುಗಲೇ ಇಲ್ಲ. ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು, ತಮ್ಮ ಅಕ್ಕನ ಮುಖವನ್ನೇ ನೋಡುತ್ತ ಕೂತಿದ್ದರು.

"ಅಕ್ಕಾ, ಕೇಳ್ತಿದೆಯಾ?"

"ಕೇಳ್ತಿದೆ. ಐದು ಹಾಕು." ದೊಡ್ಡಕ್ಕನ ಮುಖ ಅರಳಿತ್ತು. ಮರುಗಳಿಗೆಯಲ್ಲೇ ಅದು ಮುದುಡಿತು. "ನಿಂತುಹೋಯ್ತು."

ಸೆಟ್ ಮೌನವಾಗಿತ್ತು. ಗೊರಗೊರವಿಲ್ಲ, ಸಿಳ್ಳಿಲ್ಲ, ಏನೂ ಇಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಇಳಿದರೆ ಡಿಜಿಟಲ್ ಸೆಟ್ ಪೂರ್ತಿ ಬಾಯಿ ಮುಚ್ಚುತ್ತದೆ, ಅರ್ಧಂಬರ್ಧ ಮಾತಾಡುವುದು ಅದಕ್ಕೆ ಗೊತ್ತಿಲ್ಲ ಎಂದು ಸುಬೇದಾರರು ವಿವರಿಸತೊಡಗಿದರು. ದೊಡ್ಡಕ್ಕನಿಗೆ ಆ ವಿವರಣೆ ಬೇಕಿರಲಿಲ್ಲ. ಅವರ ಕೈ ಗಾಳಿಯಲ್ಲಿ ತಂಗಿಯನ್ನು ಹುಡುಕುತ್ತಿತ್ತು. "ಕರೆಂಟ್ ಹೋಯ್ತಾ? ಎಲ್ಲಾರೂ ಎದ್ದು ಹೋದ್ರಾ? ನೀ ಇದ್ದಿಯಾ?" ಅಕ್ಕ ಆ ಕೈಯನ್ನು ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ದನಿ ಬಂತು, ಮತ್ತೆ ಹೋಯಿತು. ಒಂದು ಗಂಟೆಯಲ್ಲಿ ನಾಲ್ಕು ಸಲ.

ಅಕ್ಕ ಎದ್ದು ಸುಬೇದಾರರಿಗೆ ಕೈಮುಗಿದರು. "ಸಾರ್, ಒಳ್ಳೆ ಸಾಮಾನು. ಬೆಂಗಳೂರಿಗೆ ಇದು ಬಂದು, ಸಿಗ್ನಲ್ ಗಟ್ಟಿಯಾದ ದಿನ ನಾನೇ ಮೊದಲು ತಗೋತೀನಿ. ಆದ್ರೆ ಇವತ್ತಿಗೆ ಬೇಡ. ನಮ್ಮ ಹಳೇದಕ್ಕೆ ಸುಸ್ತಾದ್ರೆ ಕೆಮ್ಮುತ್ತದೆ. ಕೆಮ್ಮಿದ್ರೆ ಮನೇಲಿ ಇದೆ ಅಂತ ಗೊತ್ತಾಗ್ತದೆ. ಇದು ಸುಸ್ತಾದ್ರೆ ಹೇಳದೆ ಎದ್ದು ಹೋಗ್ತದೆ. ಕಣ್ಣಿದ್ದೋರಿಗೆ ಅದು ಪರವಾಯಿಲ್ಲೆ."

ಇಳಿಜಾರಿನಲ್ಲಿ ನಡೆದು ಬಜಾರಿನ ಹತ್ತಿರ ಬಂದಾಗ ಸುಬೇದಾರರು, "ಇಷ್ಟು ವರ್ಷ ಸಿಗ್ನಲ್ಸ್‌ನಲ್ಲಿ ಇದ್ದೆ. ಕೇಳುವವರನ್ನು ಹೀಗೆ ಯಾರೂ ಪರೀಕ್ಷೆ ಮಾಡಿದ್ದು ನೋಡಲಿಲ್ಲ" ಎಂದು ತಮಿಳಿನಲ್ಲಿ ಹೇಳಿ ಮನೆಯ ದಾರಿ ಹಿಡಿದರು.

ಅದಾದ ಮೇಲೆ ಉಪಗ್ರಹ ರೇಡಿಯೋದ ಕಂಪನಿ ಈ ದೇಶದಲ್ಲಿ ಬಾಗಿಲು ಹಾಕಿತು. ಒಂದು ಬೆಳಿಗ್ಗೆ ಎಲ್ಲರ ಮನೆಯ ಸೆಟ್ಟೂ ಸುಮ್ಮನಾಯಿತು. ಅಂಗಡಿಗೆ ಬಂದು ಜಗಳವಾಡಿದವರಿಗೆ ಲೆಕ್ಕವಿಲ್ಲ. ಅಕ್ಕ ಬಂದು, "ನೆಂಟ ಊರಿಗೆ ಹೋದ" ಎಂದು ಹೇಳಿ ಎರಡು ಸೆಲ್ ತೆಗೆದುಕೊಂಡು ಹೋದರು.

ಆ ದಿನಗಳಲ್ಲಿ ಅವರು ಸ್ವಲ್ಪ ಬದಲಾಗಿದ್ದರು. ಹೆಚ್ಚು ಮಾತಿಲ್ಲ. ನಾನು ಏನಾದರೂ ಹೇಳಿದರೆ ನನ್ನ ಬಾಯನ್ನೇ ನೋಡುತ್ತಿದ್ದರು. "ಈ ಕಡೆ ಬಾ ತಮ್ಮ, ಬೆಳಕಿಗೆ ಬಾ" ಎಂದು ಬಾಗಿಲ ಬಳಿ ಕರೆದು ನಿಲ್ಲಿಸಿಕೊಳ್ಳುತ್ತಿದ್ದರು. ಹೊಸ ಸೆಟ್ಟುಗಳು ಬಂದರೆ ಕಿವಿಯ ಬಳಿ ಹಿಡಿಯುವುದನ್ನೂ ಬಿಟ್ಟಿದ್ದರು. ವಯಸ್ಸಾಯಿತು, ಆಸಕ್ತಿ ಕಡಿಮೆಯಾಗಿದೆ ಎಂದುಕೊಂಡೆ. ಒಂದು ದಿನ ಬಂದು, "ಲಕೋಟೆಗೆ ಹಾಕೋ ಅರಗು ಇದೆಯಾ? ಒಂದು ಹನಿ ಸಾಕು" ಎಂದು ಕೇಳಿದರು. ಪೋಸ್ಟಾಫೀಸಿನವರಿಂದ ಒಂದು ತುಂಡು ತರಿಸಿಕೊಟ್ಟೆ. ಯಾಕೆಂದು ಕೇಳಲಿಲ್ಲ. ಅದೇ ಕೊನೆಯ ಭೇಟಿಯಾಗುತ್ತದೆಂದು ಯಾರಿಗೆ ಗೊತ್ತಿತ್ತು? ತಿಂಗಳೊಳಗೆ, ಟೀ ಎಲೆ ಕೀಳುವಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಸಂಸ್ಕಾರಗಳೆಲ್ಲ ಮುಗಿದು ಎರಡು ವಾರದ ಮೇಲೆ, ಜನ ಕರಗಿದ ನಂತರ, ಒಂದು ಸಂಜೆ ದೊಡ್ಡಕ್ಕನನ್ನು ನೋಡಲು ಹೋದೆ. ಪಕ್ಕದ ಮನೆಯ ಸೊಸೆ ಅಡುಗೆ ಮಾಡಿಟ್ಟು ಹೋಗಿದ್ದಳು. ದೊಡ್ಡಕ್ಕ ಕಿಟಕಿಯ ಬಳಿ ಕೂತಿದ್ದರು. ತಲೆ ಬಾಗಿಸಿದೆ. ಹರಸಿದರು, ಆದರೆ ಕೈ ನೆತ್ತಿಯ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಉಳಿಯಿತು. ಆಮೇಲೆ ಹಳೆಯ ಟ್ರಾನ್ಸಿಸ್ಟರನ್ನು ಹಚ್ಚಿ, ಸ್ಟೇಷನ್ ತಿರುಪಿನ ಮೇಲೆ ಬೆರಳಾಡಿಸಿದರು. ತಿರುಪಿನ ಅಂಚಿನಲ್ಲಿ ಒಂದು ಹನಿ ಕೆಂಪು ಅರಗು ಗಟ್ಟಿಯಾಗಿತ್ತು. ಸೆಟ್ಟಿನ ಮೈಮೇಲೆ ಇನ್ನೊಂದು ಹನಿ. ಎರಡು ಹನಿಗಳೂ ಎದುರುಬದುರಾದಾಗ ಬೆಂಗಳೂರು ಬಂತು. ಅಕ್ಕ ಕೇಳಿ ಪಡೆದ ಅರಗು ಯಾಕೆಂದು ಆಗ ಗೊತ್ತಾಯಿತು.

ಕಟ್ಟೆಯ ಮೇಲೆ ನೋಟ್‌ಬುಕ್ ಇತ್ತು. ತಿರುವಿ ನೋಡಿದೆ. "ನಾ", "ಅಕ್ಕ", ಎರಡೂ ಅಂಕಣಗಳು ವರ್ಷಗಟ್ಟಲೆ ಜೊತೆಯಾಗಿ ಇಳಿದುಬಂದಿದ್ದವು. ಒಂದು ಪುಟದಿಂದಾಚೆ "ನಾ" ಖಾಲಿ. ಆ ಪುಟ ಸುಬೇದಾರರ ಸೆಟ್ ಬಂದ ದಿನಕ್ಕಿಂತಲೂ ಹಿಂದಿನದು. ಅಲ್ಲಿಂದ ಕೊನೆಯ ಪುಟದವರೆಗೆ ಒಂದೇ ಅಂಕಣದಲ್ಲಿ ಅಂಕಗಳಿದ್ದವು, "ಅಕ್ಕ".

"ದೊಡ್ಡಕ್ಕಾ, ಇದರಲ್ಲಿ ಅಕ್ಕ ತಮ್ಮ ಅಂಕ ಬರೆಯೋದು ನಿಲ್ಲಿಸಿಬಿಟ್ಟಿದ್ದಾರಲ್ಲ?"

"ಅವಳಿಗೆ ಕೇಳ್ತಿರ್ಲಿಲ್ಲ ತಮ್ಮ. ಮೊದಲು ಹೆಡ್‌ಸೆಟ್ ಹಾಕ್ತಿದ್ದ ಕಿವಿ ಹೋಯ್ತು, ಆಮೇಲೆ ಇನ್ನೊಂದು. ನಂಗೆ ಹೇಳ್ಲಿಲ್ಲ. ದಿನಾ ಬಂದು ಪಕ್ಕದಲ್ಲಿ ಕೂತು 'ಕೇಳ್ತಿದೆಯಾ' ಅಂತ ಕೇಳೋಳು. ನಾ 'ಕೇಳ್ತಿದೆ' ಅಂದು ಅವಳ ಕೈ ಒತ್ತೋದು. ಅವಳು ಬರ್ಕೊಳ್ಳೋದು."

"ನಿಮಗೆ ಹೆಂಗೆ ಗೊತ್ತಾಯ್ತು?"

"ಸೆಲ್ ಮುಗಿದು ರೇಡಿಯೋ ನಿಂತಿತ್ತು. ಅವಳು ಪಕ್ಕದಲ್ಲಿ ಕೂತು ತಾಳ ಹಾಕ್ತಾನೇ ಇದ್ಲು." ದೊಡ್ಡಕ್ಕ ಸ್ವಲ್ಪ ನಕ್ಕರು. "ನಾ ಗೊತ್ತಿದೆ ಅಂತ ಹೇಳ್ಲಿಲ್ಲ. ಅವಳೇನು ಕಡಿ‍ಮೆನಾ? ಅವತ್ತು ಹಗಲು ಹೊತ್ತಲ್ಲೇ ನಂಗೆ ರಾತ್ರಿ ಊಟ ಹಾಕಿದ್ಲಲ್ಲ, ನೀನೂ ಕೂತು ಉಂಡೆಯಲ್ಲ. ಕಣ್ಣಿಲ್ಲ ಅಂದ್ರೆ ಹೊಟ್ಟೆಗೂ ತಿಳಿಯೋದಿಲ್ವಾ?"

ನಾನು ತಲೆ ತಗ್ಗಿಸಿದೆ. ನನ್ನ ಕಣ್ಣಲ್ಲಿ ನೀರು ಬಂದದ್ದು ಅವರಿಗೆ ಕಾಣುವಂತಿರಲಿಲ್ಲ, ಆದರೂ ಸೆರಗಿನ ತುದಿಯನ್ನು ನನ್ನ ಕಡೆ ಚಾಚಿದರು. ರೇಡಿಯೋದಲ್ಲಿ ಕೃಷಿರಂಗ ಶುರುವಾಯಿತು. ನಡುವೆ ಗೊರಗೊರ ಸದ್ದು, ಸಮುದ್ರದಾಚೆಯ ಅದೇ ಭಾಷೆ. ದೊಡ್ಡಕ್ಕ ಎದ್ದು ದೀಪ ಹಚ್ಚಿ ಬಂದು ಕೂತರು. ನಾನು ಪೆನ್ಸಿಲ್ ತೆಗೆದುಕೊಂಡೆ. ವಾಲ್ಯೂಮನ್ನು ಪಿಸುಮಾತಿನಷ್ಟು ತಗ್ಗಿಸಿದೆ.

"ದೊಡ್ಡಕ್ಕಾ, ಕೇಳ್ತಿದೆಯಾ?"

"ಕೇಳ್ತಿದೆ. ಮೂರು ಹಾಕು."

ಬರೆದೆ. ಅವರು ಸೆಟ್ಟಿನ ಅಡಿಯಿಂದ ಒಂದು ಖಾಲಿ ಕಾರ್ಡು ಎಳೆದು ನನ್ನ ಕೈಗಿಟ್ಟರು. "ಬೆಂಗಳೂರಿಗೆ ಬರಿ. ಎರಡು ವಾರ ಬರೆಯೋಕೆ ಆಗ್ಲಿಲ್ಲ, ಆದ್ರೆ ಇಲ್ಲಿ ಕೇಳ್ತಾ ಇದೆ ಅಂತ ಬರಿ. ಪಾಪ, ಅವರಿಗೆ ಹೆಂಗೆ ಗೊತ್ತಾಗ್ಬೇಕು?"

ಬರೆದು ಮುಗಿಸಿದೆ. ಕೆಳಗೆ ಬಂದು ಪೆನ್ಸಿಲ್ ನಿಂತಿತು. "ಕೊನೇಲಿ ಏನಂತ ಹಾಕಲಿ?"

"ಯಾವಾಗ್ಲೂ ಹಾಕೋದೇ ಹಾಕು. ಇಬ್ಬರು ಕೇಳುಗರು."

ಅವರ ಕೈ ಗಾಳಿಯಲ್ಲಿ ತಡವಿ ನನ್ನ ಕೈಯನ್ನು ಹಿಡಿಯಿತು.

"ನೀ ಇದ್ದಿಯಲ್ಲ?" ಎಂದರು.

ಇದ್ದೇನೆ ಎಂದೆ. ಹಾಗೆಯೇ ಬರೆದೆ.